ಮಂಚದ ಬದಿಯ ಮುಕ್ಕಾಲಿ

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ಬದಿಗೆ ಒಂದು ಮುಕ್ಕಾಲಿ ಇರುವುದುಂಟು. ಅದರ ಮೇಲೆ ಇರುಳೆಲ್ಲ ತೂಕಡಿಸುವ ಮನೆಯವರನ್ನು ಔಷಧ ತರುವ, ಹಣ ಕಟ್ಟುವ ಆಳೆಂದು ಎಣಿಸುವುದೇ ಹೆಚ್ಚು. ಮರೆವಿನ ರೋಗವುಳ್ಳ ವೃದ್ಧರಿಗೆ ಶಸ್ತ್ರಚಿಕಿತ್ಸೆಯಾದಾಗ ಆ ಮುಕ್ಕಾಲಿಯೂ ಚಿಕಿತ್ಸೆಯ ಒಂದು ಅಂಗವೆಂಬುದು ನನ್ನ ಮತ. ಈ ಮತ ನನಗೆ ಮೊದಲು ಪುಸ್ತಕದಿಂದ ಬಂದದ್ದಲ್ಲ. ನನ್ನ ತಪ್ಪಿನಿಂದ ಬಂದದ್ದು.

ಎಂಬತ್ತೊಂದು ವರ್ಷದ ನನ್ನ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ವೈದ್ಯರು ಡಿಮೆನ್ಷಿಯ ಎಂದು ಹೆಸರಿಸುವ ಮರೆವು ಅವರನ್ನು ಅದಾಗಲೇ ನಾಲ್ಕು ವರ್ಷಗಳಿಂದ ಹಿಡಿದಿತ್ತು. ಶಸ್ತ್ರಚಿಕಿತ್ಸೆ ಸಾಂಗವಾಗಿ ನಡೆಯಿತು. ಆ ರಾತ್ರಿಯೇ ಅವರಿಗೆ ಸನ್ನಿ ಹಿಡಿಯಿತು. ತೋಳಿನ ಸೂಜಿಯನ್ನು ಕಿತ್ತೆಸೆದರು. ಕೈಗಳನ್ನು ಮಂಚಕ್ಕೆ ಕಟ್ಟಿದರು. “ಯಾರಪ್ಪಾ ನೀನು?” ಎಂದು ನನ್ನನ್ನೇ ಕೇಳಿದರು. ಮರೆವು ಉಲ್ಬಣಿಸಿತು, ಇನ್ನು ಇಷ್ಟೇ ಎಂದು ನಾನು ಕೈಚೆಲ್ಲಿದೆ.

ಮೂರು ರಾತ್ರಿ ಕಳೆದ ಮೇಲೆ ಊರಿನಿಂದ ಬಂದ ಚಿಕ್ಕಮ್ಮ ಮೊದಲು ಕೇಳಿದ್ದು, “ಅಕ್ಕನ ಕನ್ನಡಕ ಎಲ್ಲೋ?” ಅದು ನನ್ನ ಚೀಲದಲ್ಲಿತ್ತು, ಕಿವಿಯ ಯಂತ್ರವೂ ಅಲ್ಲೇ. ಕಳೆದುಹೋದೀತೆಂದು ನಾನೇ ಜೋಪಾನವಾಗಿ ಕಟ್ಟಿಟ್ಟಿದ್ದೆ. ಅಮ್ಮ ಹೊದಿಕೆಯ ಅಂಚನ್ನು ಹಿಂಡುತ್ತಿದ್ದುದನ್ನು ಕಂಡು, “ಅಕ್ಕನಿಗೆ ನೋವು ತಡೆಯಲಾಗುತ್ತಿಲ್ಲ, ದಾದಿಯನ್ನು ಕರೆ” ಎಂದರು. ಕೇಳಿದರೆ ಕೊಡುವುದೆಂದು ನೋವಿನ ಔಷಧವನ್ನು ಬರೆದಿಟ್ಟಿದ್ದರು. ಕೇಳುವ ಮಾತು ಅಮ್ಮನಲ್ಲಿ ಉಳಿದಿರಲಿಲ್ಲ.

ಸನ್ನಿಯೂ ಮರೆವೂ ಒಂದಲ್ಲ. ಮರೆವು ವರ್ಷಗಳಲ್ಲಿ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ ಎರಗಿ, ಏರುತ್ತ ಇಳಿಯುತ್ತ, ಸಾಮಾನ್ಯವಾಗಿ ಇರುಳಿನಲ್ಲಿ ಹೆಚ್ಚುತ್ತದೆ. ಕೆಲವರಲ್ಲಿ ಅದು ಕೂಗಾಟವಾಗದೆ ಮಂಕುಬಡಿದಂತೆ ಕಾಣುವುದರಿಂದ ವಿಶ್ರಾಂತಿಯೆಂದು ಭ್ರಮಿಸುವುದೂ ಉಂಟು. ಸೋಂಕು, ಮೈಯ ನೀರು ಬತ್ತುವುದು, ಮಲಮೂತ್ರ ಕಟ್ಟುವುದು, ನಿದ್ದೆಗೇಡು, ಕೆಲವು ಔಷಧಗಳು, ಹೇಳಲಾರದ ನೋವು, ಇವೆಲ್ಲ ಅದಕ್ಕೆ ಕಾರಣಗಳಾಗಬಲ್ಲವು. ಮರೆವುಳ್ಳವರಿಗೆ ಅದರ ಭಯ ಇನ್ನೂ ಹೆಚ್ಚು. ಅಮೆರಿಕದ ವೈದ್ಯೆ ಶರೋನ್ ಇನೂಯೆ ಮತ್ತು ಸಂಗಡಿಗರು 852 ಮಂದಿ ವೃದ್ಧ ರೋಗಿಗಳನ್ನು ಕುರಿತ ಅಧ್ಯಯನವೊಂದನ್ನು 1999ರಲ್ಲಿ ಪ್ರಕಟಿಸಿದರು. ರೂಢಿಯ ಆರೈಕೆ ಪಡೆದವರಲ್ಲಿ ಶೇಕಡ 15 ಮಂದಿಗೆ ಸನ್ನಿ ಹಿಡಿಯಿತು. ಕನ್ನಡಕ, ಶ್ರವಣಯಂತ್ರ, ನೀರು, ನಿದ್ದೆ, ನಡೆದಾಟ, ಮಾತುಕತೆಗಳ ಕಡೆಗೆ ವಿಶೇಷ ಗಮನವಿತ್ತವರಲ್ಲಿ ಶೇಕಡ 9.9 ಮಂದಿಗೆ ಮಾತ್ರ.

ಮರೆವಿನ ರೋಗಿಯ ಬಳಿ ಮನೆಯವರು ಉಳಿಯುವ ಹಕ್ಕಿಗಾಗಿ ಇಂಗ್ಲೆಂಡಿನಲ್ಲಿ 2014ರಲ್ಲಿ ‘ಜಾನ್ಸ್ ಕ್ಯಾಂಪೇನ್’ ಎಂಬ ಚಳವಳಿಯನ್ನೇ ಹೂಡಬೇಕಾಯಿತು. ನಮ್ಮ ವಾರ್ಡುಗಳಲ್ಲಿ ಆ ರೂಢಿ ಹಿಂದಿನಿಂದಲೂ ಇದೆ. ಆದರೆ ಅರಿವಳಿಕೆ ಇಳಿದು ರೋಗಿ ಕಣ್ಣು ತೆರೆಯುವ ಕೋಣೆಯ ಬಾಗಿಲಲ್ಲಿ ಅದು ನಿಂತುಬಿಡುತ್ತದೆ. ಪರಿಚಿತ ಮುಖ ಎಲ್ಲಕ್ಕಿಂತ ಬೇಕಾದ ಗಳಿಗೆ ಅದೇ ಅಲ್ಲವೇ?

ಜನಜಂಗುಳಿಯಿಂದ ಸೋಂಕು ಹಬ್ಬೀತು, ದಾದಿಯರ ಕೆಲಸಕ್ಕೆ ಅಡ್ಡಿಯಾದೀತು ಎಂಬ ಆಕ್ಷೇಪ ನ್ಯಾಯವಾದುದೇ. ನಾನು ಕೇಳುವುದು ಗುಂಪನ್ನಲ್ಲ. ಕೈತೊಳೆದು ಒಳಹೋಗುವ ಒಬ್ಬರನ್ನು. ಜೊತೆಗೆ, ರೋಗಿಯನ್ನು ಮನೆಯಲ್ಲಿ ಕರೆಯುವ ಹೆಸರು, ಒಗ್ಗುವ ಊಟ, ತೆಗೆದುಕೊಳ್ಳುವ ಔಷಧ, ನೋವಿನ ಗುರುತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕೊಡುವ ಹೊಣೆ ನಮ್ಮದು. ಅದನ್ನು ಓದುವ ಹೊಣೆ ಆಸ್ಪತ್ರೆಯದು. ಮುಕ್ಕಾಲಿಯ ಸರದಿಯೂ ಮನೆಯ ಒಬ್ಬಳೇ ಹೆಣ್ಣುಮಗಳ ಪಾಲಿಗೆ ಬೀಳಕೂಡದು. ಗಂಡಸರೂ ಅಲ್ಲಿ ಕುಳಿತುಕೊಳ್ಳಲು ಕಲಿಯಬೇಕು.

ಕನ್ನಡಕವೊಂದೇ ಅಮ್ಮನನ್ನು ಗುಣಪಡಿಸಿತೆಂದು ನಾನು ಹೇಳಲಾರೆ. ನೋವಿಗೆ ಔಷಧ ಸಿಕ್ಕಿತು, ಕಟ್ಟು ಬಿಚ್ಚಿದರು, ಚಿಕ್ಕಮ್ಮನ ಧ್ವನಿ ಕಿವಿಗೆ ಬಿತ್ತು. ನಾಲ್ಕಾರು ದಿನಗಳಲ್ಲಿ ಸನ್ನಿ ಇಳಿಯಿತು. ಹಳೆಯ ಮರೆವು ಹಾಗೆಯೇ ಉಳಿಯಿತು. ಈಗ ಅವರು ಮನೆಯಲ್ಲಿ ಕೋಲೂರಿಕೊಂಡು ನಡೆಯುತ್ತಾರೆ. ಆ ಮೂರು ರಾತ್ರಿಗಳ ನೆನಪು ಅವರಿಗಿಲ್ಲ. ನನಗಿದೆ.