ಗಾಳಿಗೆ ದಾರಿ ಬಿಟ್ಟು ನಿಲ್ಲುವ ಜಗಲಿ

2004ರ ಆಗಸ್ಟ್ 13ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಗೆ ‘ಚಾರ್ಲಿ’ ಎಂಬ ಚಂಡಮಾರುತ ಬಂದಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೊಮೀಟರ್. ಅಬ್ಬರ ಅಡಗಿದ ಮೇಲೆ ಪುಂಟಾ ಗೋರ್ಡಾ ಮತ್ತು ಸುತ್ತಲಿನ ಊರುಗಳ ಜನ ಹಿತ್ತಿಲ ಬಾಗಿಲು ತೆರೆದು ನೋಡಿದರು. ಹಲವು ಮನೆಗಳ ಹಿಂಬದಿಯ ಜಗಲಿ ಬಟ್ಟಂಬಯಲಾಗಿತ್ತು. ಅದನ್ನು ಸುತ್ತುವರಿದಿದ್ದ ಅಲ್ಯುಮಿನಿಯಂ ಚೌಕಟ್ಟು ಮುರಿದ ಕೊಡೆಯ ಕಡ್ಡಿಗಳಂತೆ ಮುದುಡಿ ಬಿದ್ದಿತ್ತು.

ಫ್ಲಾರಿಡಾದ ಮನೆಗಳಿಗೆ ಈ ಜಗಲಿ ಬಹಳ ಮುಖ್ಯ. ಅಲ್ಲಿ ಸೆಕೆ ಹೆಚ್ಚು, ಸೊಳ್ಳೆಯೂ ಹೆಚ್ಚು. ಹಾಗಾಗಿ ಮನೆಯ ಹಿಂದೆ ಕಾಂಕ್ರೀಟ್ ನೆಲ ಹಾಸಿ, ಅಲ್ಯುಮಿನಿಯಂ ಕಂಬಗಳನ್ನು ನಿಲ್ಲಿಸಿ, ಸುತ್ತಲೂ ಮೇಲೂ ಸಣ್ಣ ಕಣ್ಣಿನ ಬಲೆ ಬಿಗಿಯುತ್ತಾರೆ. ಇದಕ್ಕೆ ಅಲ್ಲಿನವರು ಹವಾಯಿ ಭಾಷೆಯಿಂದ ಬಂದ ‘ಲನಾಯ್’ ಎಂಬ ಹೆಸರನ್ನೂ ಬಳಸುತ್ತಾರೆ. ಮಕ್ಕಳು ಓದುವುದು, ಹಿರಿಯರು ಕಾಫಿ ಕುಡಿಯುವುದು ಎಲ್ಲ ಅಲ್ಲಿಯೇ.

ಹಾರಿಹೋದದ್ದು ಸೊಳ್ಳೆಪರದೆಯ ಗೂಡು ತಾನೆ, ಇನ್ನೊಂದು ಹಾಕಿಸಿದರಾಯಿತು ಎನ್ನಬಹುದು. ಆದರೆ ವಿಷಯ ಅಷ್ಟು ಸರಳವಲ್ಲ. ಕಿತ್ತು ಹಾರಿದ ಅಲ್ಯುಮಿನಿಯಂ ಕಂಬ ಪಕ್ಕದ ಮನೆಯ ಕಿಟಕಿಯನ್ನು ಒಡೆಯಬಲ್ಲದು. ಕಿಟಕಿ ಒಡೆದರೆ ಗಾಳಿ ಒಳನುಗ್ಗಿ ಮಾಡನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಅದೇ ಹೊತ್ತಿಗೆ ಮಾಡಿನ ಮೇಲೆ ರಭಸದಿಂದ ಹಾಯುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತಿರುತ್ತದೆ. ನೂಕುವುದೂ ಸೆಳೆಯುವುದೂ ಸೇರಿದರೆ ಮಾಡು ಉಳಿಯುವುದು ಕಷ್ಟ. ಒಂದು ಮನೆಯ ಸಡಿಲ ಜಗಲಿ ಇನ್ನೊಂದು ಮನೆಗೆ ಆಪತ್ತಾಗುವುದು ಹೀಗೆ. ಸಾಲದ್ದಕ್ಕೆ ಚಾರ್ಲಿಯ ಬೆನ್ನಿಗೇ, ಒಂದೂವರೆ ತಿಂಗಳೊಳಗೆ, ಫ್ರಾನ್ಸಿಸ್, ಐವಾನ್, ಜೀನ್ ಎಂಬ ಇನ್ನೂ ಮೂರು ಚಂಡಮಾರುತಗಳು ಅದೇ ರಾಜ್ಯವನ್ನು ಕಾಡಿದವು.

ವೇಗ ಎರಡರಷ್ಟು, ಒತ್ತಡ ನಾಲ್ಕರಷ್ಟು

ಬಿರುಗಾಳಿಯ ಲೆಕ್ಕದಲ್ಲಿ ಹಲವರು ತಪ್ಪುವುದು ಇಲ್ಲಿಯೇ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಒತ್ತಡವು ವೇಗದ ವರ್ಗವನ್ನು ಅನುಸರಿಸಿ ಹೆಚ್ಚುತ್ತದೆ. ಗಂಟೆಗೆ 60 ಕಿಲೊಮೀಟರ್ ವೇಗದ ಗಾಳಿ ತನಗೆ ಎದುರಾದ ಒಂದು ಚದರ ಮೀಟರ್ ಹಲಗೆಯ ಮೇಲೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ 120 ಆದರೆ ಅದು ಸುಮಾರು 70 ಕಿಲೋ. 240 ಆದರೆ ಸುಮಾರು 280 ಕಿಲೋ! ಎಂಟು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಗೋಡೆಯ ಮೇಲೆ ಐದೂವರೆ ಟನ್ ಹೊರೆ ಬಿದ್ದಂತಾಯಿತು.

ಬಲೆಯಲ್ಲಿ ತೂತುಗಳಿವೆಯಲ್ಲ, ಗಾಳಿ ತೂರಿಹೋಗದೆ? ಹೋಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಸಾಮಾನ್ಯ ಬಲೆಯಲ್ಲಿ ಒಂದು ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 14 ಎಳೆಗಳಿರುತ್ತವೆ. ಎಳೆಗಳ ದಪ್ಪವನ್ನು ಲೆಕ್ಕ ಹಾಕಿದರೆ ಬಲೆಯ ಸುಮಾರು ಮೂರನೇ ಒಂದು ಭಾಗ ಗಾಳಿಗೆ ಅಡ್ಡ ನಿಂತಿರುತ್ತದೆ. ಮಳೆಯಲ್ಲಿ ತೊಯ್ದ ಎಲೆ, ಕಸ ಬಂದು ಮೆತ್ತಿಕೊಂಡರೆ ಇನ್ನೂ ಹೆಚ್ಚು. ಬಲೆಯ ಮೇಲೆ ಬಿದ್ದ ಒತ್ತಡ ಚೌಕಟ್ಟಿಗೆ, ಚೌಕಟ್ಟಿನಿಂದ ಕಂಬದ ಬುಡಕ್ಕೆ, ಬುಡದಿಂದ ನೆಲಕ್ಕೆ ಇಳಿಯುತ್ತದೆ.

ಎಂಜಿನಿಯರುಗಳು ಇದನ್ನು ‘ಹೊರೆಯ ಹಾದಿ’ ಎನ್ನುತ್ತಾರೆ. ಈ ಹಾದಿ ಎಲ್ಲಿಯೂ ಕಡಿಯಬಾರದು. ಸರಪಳಿಯ ಒಂದು ಕೊಂಡಿ ಸಡಿಲವಾದರೆ ಉಳಿದ ಕೊಂಡಿಗಳು ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ.

ಮುರಿದದ್ದು ಎಲ್ಲಿ?

ಆದ್ದರಿಂದ ಹೊಸ ಜಗಲಿ ಕಟ್ಟುವ ಮೊದಲು ಹಳೆಯದು ಮುರಿದದ್ದೆಲ್ಲಿ ಎಂದು ಹುಡುಕಬೇಕು. ಕಂಬ ನಡುವೆ ಮುರಿಯುವುದಕ್ಕಿಂತ ಬುಡದಲ್ಲಿ ಕೀಳುವುದು, ಜೋಡಣೆಯಲ್ಲಿ ಬಿಚ್ಚಿಕೊಳ್ಳುವುದೇ ಸಾಮಾನ್ಯ. ಜಗಲಿಯ ಕಾಂಕ್ರೀಟ್ ನೆಲ ಹೆಚ್ಚೆಂದರೆ ನಾಲ್ಕಂಗುಲ ದಪ್ಪವಿರುತ್ತದೆ. ಅದರ ಅಂಚಿಗೆ ತೀರ ಹತ್ತಿರ ಬೋಲ್ಟ್ ಹಾಕಿದ್ದರೆ, ಗಾಳಿ ಎಳೆದಾಗ ಕಾಂಕ್ರೀಟಿನ ಚೂರಿನ ಸಮೇತ ಬೋಲ್ಟ್ ಎದ್ದು ಬರುತ್ತದೆ. ಇಂಥ ಕಡೆ ಎಷ್ಟು ದಪ್ಪ ಕಂಬ ತಂದರೂ ಅಷ್ಟೆ. ಮೊದಲು ಅಂಚಿನಲ್ಲಿ ಅಗೆದು ಆಳವಾದ ಪಾಯ ಹಾಕಿಸಬೇಕು.

ಎರಡನೆಯ ಶತ್ರು ತುಕ್ಕು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಪುಟ್ಟ ವಿದ್ಯುತ್ಕೋಶ ಏರ್ಪಡುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಅಲ್ಯುಮಿನಿಯಂ ಕಂಬಕ್ಕೆ ಉಕ್ಕಿನ ಸ್ಕ್ರೂ ಹಾಕಿ ಕಡಲ ಗಾಳಿಗೆ ಬಿಟ್ಟರೆ ಅಲ್ಲಿ ನಡೆಯುವುದೂ ಅದೇ. ಕೆಲವೇ ವರ್ಷಗಳಲ್ಲಿ ಲೋಹ ಸವೆದು ಸ್ಕ್ರೂ ಸಡಿಲವಾಗುತ್ತದೆ. ನೋಡುವವರ ಕಣ್ಣಿಗೆ ಚೌಕಟ್ಟು ನೆಟ್ಟಗೆ ನಿಂತಿರುತ್ತದೆ. ಹಿಡಿತ ಮಾತ್ರ ಇರುವುದಿಲ್ಲ. ಅದಕ್ಕಾಗಿ ತುಕ್ಕು ಹಿಡಿಯದಂತೆ ಲೇಪ ಕೊಟ್ಟ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಬಳಸಿ, ಎರಡು ಲೋಹ ನೇರವಾಗಿ ತಾಗದಂತೆ ನಡುವೆ ರಬ್ಬರಿನಂಥ ವಾಷರ್ ಇಡುತ್ತಾರೆ.

ಮೂರನೆಯದು ಕರ್ಣದ ಆಸರೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ನಾಲ್ಕು ಐಸ್‌ಕ್ರೀಂ ಕಡ್ಡಿಗಳನ್ನು ಚೌಕಾಕಾರದಲ್ಲಿಟ್ಟು ಮೂಲೆಗಳಿಗೆ ಗುಂಡುಸೂಜಿ ಚುಚ್ಚಿ. ಪಕ್ಕಕ್ಕೆ ಒತ್ತಿದರೆ ಚೌಕ ವಾಲಿ ಚಪ್ಪಟೆಯಾಗುತ್ತದೆ. ಈಗ ಮೂಲೆಯಿಂದ ಮೂಲೆಗೆ ಇನ್ನೊಂದು ಉದ್ದ ಕಡ್ಡಿ ಚುಚ್ಚಿ ಒತ್ತಿ ನೋಡಿ. ಅಲುಗುವುದಿಲ್ಲ! ಚೌಕ ಈಗ ಎರಡು ತ್ರಿಕೋನಗಳಾಗಿದೆ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ಹೊಸ ಜಗಲಿಯ ಗೋಡೆಯಲ್ಲೂ ಮಾಡಿನಲ್ಲೂ ಓರೆಯಾಗಿ ಕೊಡುವ ಪಟ್ಟಿಗಳು, ಎಳೆದು ಕಟ್ಟುವ ಉಕ್ಕಿನ ಹಗ್ಗಗಳು ಮಾಡುವ ಕೆಲಸ ಇದೇ.

ಗಾಜೋ? ಬಲೆಯೋ?

ಬಲೆಯ ಗೊಡವೆಯೇ ಬೇಡ, ಗಾಜಿನ ಗೋಡೆ ಹಾಕಿಸೋಣ ಎನ್ನುವವರೂ ಉಂಟು. ಅದಕ್ಕೆಂದೇ ಬಿರುಗಾಳಿ ತಡೆಯುವ ಗಾಜು ಇದೆ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದಿರುತ್ತಾರೆ, ಕಾರಿನ ಮುಂಗಾಜಿನ ಹಾಗೆ. ಮಯಾಮಿ ನಗರವಿರುವ ಜಿಲ್ಲೆಯಲ್ಲಿ ಇದಕ್ಕೊಂದು ಕಠಿಣ ಪರೀಕ್ಷೆಯಿದೆ. ನಾಲ್ಕು ಕಿಲೋಗಿಂತ ತುಸು ಹೆಚ್ಚು ತೂಕದ ಮರದ ತುಂಡನ್ನು ಗಾಳಿ ತುಂಬಿದ ತೋಪಿನಿಂದ ಗಂಟೆಗೆ ಸುಮಾರು 55 ಕಿಲೊಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಗಾಜು ಬಿರುಕು ಬಿಡಬಹುದು, ಆದರೆ ತೂತು ಬೀಳಬಾರದು. ಅಷ್ಟಕ್ಕೇ ಮುಗಿಯಲಿಲ್ಲ. ಪೆಟ್ಟು ತಿಂದ ಅದೇ ಗಾಜನ್ನು 9000 ಸಲ ಒತ್ತಿ, ಸೆಳೆದು ನೋಡುತ್ತಾರೆ.

ಆದರೆ ಗಾಜು ಗಾಳಿಯನ್ನು ಎಳ್ಳಷ್ಟೂ ಒಳಬಿಡುವುದಿಲ್ಲ. ಹಾಗಾಗಿ ಪೂರ್ತಿ ಹೊರೆಯನ್ನು ಕಂಬ, ಪಾಯಗಳೇ ಹೊರಬೇಕು. ಅದು ಇನ್ನು ಜಗಲಿಯಲ್ಲ, ಮನೆಗೆ ಸೇರಿಸಿದ ಇನ್ನೊಂದು ಕೋಣೆ. ಖರ್ಚೂ ಅದೇ ಪ್ರಮಾಣದ್ದು. ಹಳೆಯ ಚೌಕಟ್ಟಿಗೆ ಬಲೆಯ ಬದಲು ಗಾಜು ಕೂರಿಸಿದರೆ ಅದು ಅಪಾಯವನ್ನು ಕರೆತಂದಂತೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಜಾಣತನವಿದೆ. ಫ್ಲಾರಿಡಾದ ಕಟ್ಟಡ ನಿಯಮದ ಪ್ರಕಾರ, ಜಗಲಿಗೆ ಹಾಕುವ ತೆಳು ಪ್ಲಾಸ್ಟಿಕ್ ಹಲಗೆಗಳು ಬಿಚ್ಚಿ ತೆಗೆಯುವಂತಿರಬೇಕು. ಗಾಳಿ ಗಂಟೆಗೆ 75 ಮೈಲಿ, ಎಂದರೆ ಸುಮಾರು 120 ಕಿಲೊಮೀಟರ್ ಮೀರುವುದಾದರೆ ಅವನ್ನು ತೆಗೆಯಲೇಬೇಕು ಎಂಬ ಚೀಟಿಯನ್ನೂ ಅವುಗಳಿಗೆ ಅಂಟಿಸಿರಬೇಕು. ಚಂಡಮಾರುತದ ಮುನ್ಸೂಚನೆ ಬಂದಾಗ ಕೆಲವರು ಬಲೆಯನ್ನೇ ಚಾಕುವಿನಿಂದ ಸೀಳಿಬಿಡುವುದೂ ಉಂಟು. ಬಲೆಯ ಬೆಲೆ ಕಡಿಮೆ, ಚೌಕಟ್ಟಿನ ಬೆಲೆ ಹೆಚ್ಚು. ಚಿಕ್ಕದನ್ನು ಬಿಟ್ಟುಕೊಟ್ಟು ದೊಡ್ಡದನ್ನು ಉಳಿಸಿಕೊಳ್ಳುವ ಲೆಕ್ಕ ಇದು. ಇದನ್ನೆಲ್ಲ ಮಾಡಬೇಕಾದದ್ದು ಗಾಳಿ ಏಳುವ ಮುನ್ನ. ಎದ್ದ ಮೇಲೆ ಏಣಿ ಹತ್ತುವುದು ಪ್ರಾಣಕ್ಕೇ ಸಂಚಕಾರ.

ಕಾಗದದ ಮೇಲಿನ ನಿಯಮ

ಈ ನಿಯಮಗಳು ಸುಮ್ಮನೆ ಬಂದವಲ್ಲ. 1992ರ ಆಗಸ್ಟ್ 24ರಂದು ‘ಆಂಡ್ರ್ಯೂ’ ಚಂಡಮಾರುತ ದಕ್ಷಿಣ ಫ್ಲಾರಿಡಾದಲ್ಲಿ 25,000ಕ್ಕೂ ಹೆಚ್ಚು ಮನೆಗಳನ್ನು ನೆಲಸಮ ಮಾಡಿತು. ಅಲ್ಲಿ ಕಟ್ಟಡ ನಿಯಮ ಇರಲಿಲ್ಲವೆಂದಲ್ಲ. ಒಳ್ಳೆಯ ನಿಯಮವೆಂಬ ಹೆಸರೇ ಇತ್ತು. ಆದರೆ ಬಿದ್ದ ಮನೆಗಳನ್ನು ಪರಿಶೀಲಿಸಿದಾಗ, ಮಾಡಿನ ಹಲಗೆಗೆ ಹೊಡೆದ ಮೊಳೆಗಳು ಕೆಳಗಿನ ತೊಲೆಗೆ ತಾಗದೇ ಇದ್ದದ್ದು ಎಷ್ಟೋ ಕಡೆ ಕಂಡುಬಂತು. ಮೊಳೆ ಹೊಡೆದವರು ಅವಸರದಲ್ಲಿದ್ದರು, ನೋಡಬೇಕಾದವರು ಸರಿಯಾಗಿ ನೋಡಿರಲಿಲ್ಲ. ಆ ಪಾಠದ ಫಲವಾಗಿ 2002ರ ಮಾರ್ಚ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ ಜಾರಿಗೆ ಬಂತು. ಈಗ ಇಂಥ ಜಗಲಿ ಕಟ್ಟುವುದಕ್ಕೂ ನಕ್ಷೆ, ಪರವಾನಗಿ, ತಪಾಸಣೆ ಬೇಕು.

ತಪಾಸಣೆಗೆ ಬಂದವರು ಕಂಬದ ಹೊಳಪನ್ನು ನೋಡುವುದಿಲ್ಲ, ಬುಡದ ಬೋಲ್ಟನ್ನು ನೋಡುತ್ತಾರೆ. ಮನೆ ಕಟ್ಟಿಸುವವರೂ ಅದನ್ನೇ ಕಲಿಯಬೇಕು. ಗುತ್ತಿಗೆದಾರ ಬಲೆಯ ಬಣ್ಣದ ಮಾದರಿ ತೋರಿಸುವಾಗ, ‘ಕಂಬವನ್ನು ನೆಲಕ್ಕೆ ಹೇಗೆ ಹಿಡಿಸುತ್ತೀರಿ?’ ಎಂದು ಕೇಳುವ ಮನೆಯಾತನ ಜಗಲಿ ಮುಂದಿನ ಗಾಳಿಗೆ ಉಳಿಯುವ ಸಂಭವ ಹೆಚ್ಚು. ಬಿರುಗಾಳಿಯೂ ಬಂದು ಮೊದಲು ಕೇಳುವುದು ಅದೇ ಪ್ರಶ್ನೆಯನ್ನು.