ಪುಟ್ಟ ಎಂಜಿನ್ನಿಗೆ ಕಡದ ಉಸಿರು

ಮಳವಳ್ಳಿಯಲ್ಲಿ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಮದ್ದೂರಿನ ಕಡೆಗೆ ಹೊರಟಿದ್ದೆ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ತೂಗಾಡುತ್ತಾ ಸಾಗುತ್ತಿತ್ತು. ಅದನ್ನು ದಾಟೋಣವೆಂದು ಆಕ್ಸಿಲರೇಟರ್ ಒತ್ತಿದೆ. ಕಾರು ಏಳಲಿಲ್ಲ. ಬಾನೆಟ್ಟಿನೊಳಗಿಂದ ಸೀಟಿ ಊದಿದಂಥ ಸದ್ದು ಬಂತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ!

ಹೇಗೋ ಮದ್ದೂರು ತಲುಪಿ, ಅಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಮುಂದೆ ಕಾರು ನಿಲ್ಲಿಸಿದೆ. ವಿಜ್ಞಾನದಲ್ಲಿ ಮೂವತ್ತೈದರ ಗಡಿ ದಾಟಲು ಹೆಣಗಿದವನು. ಎಂಜಿನ್ನಿನ ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿದ. ಎಣ್ಣೆ ಹರಿಯಲಿಲ್ಲ, ಜಿನುಗಿತು.

‘ಸಾರ್, ಇದು ಆಯಿಲ್ಲಾ? ಡಾಂಬರು ಆಗೋಗದೆ. ಯಾವಾಗ ಬದಲಾಯ್ಸಿದ್ರಿ?’

‘ಹತ್ತು ಸಾವಿರ ಕಿಲೋಮೀಟರಿಗೆ ಒಂದು ಸಲ ಅಂತ ಪುಸ್ತಕದಲ್ಲಿದೆಯಪ್ಪ. ಇನ್ನೂ ಎಂಟೇ ಸಾವಿರ ಓಡಿದೆ.’

‘ಎಷ್ಟು ವರ್ಷದಲ್ಲಿ?’

‘ಎರಡೂವರೆ ವರ್ಷ.’

‘ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತಾನೂ ಬರ್ದವ್ರೆ ಸಾರ್. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ನೀವೇ ಹೇಳ್ತಿದ್ರಲ್ಲ!’

ನಾನು ತಲೆ ತಗ್ಗಿಸಿದೆ. ಕೆಟ್ಟಿದ್ದು ಟರ್ಬೊ. ಮಗಳ ಎರಡನೇ ವರ್ಷದ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣ ಅದಕ್ಕೇ ಹೋಯಿತು. ಆ ಶುಲ್ಕಕ್ಕೆ ಬೇರೆ ಕಡೆ ಸಾಲ ಮಾಡಬೇಕಾಯಿತು. ಇಂಥ ಎಂಜಿನ್ನುಳ್ಳ ಸಣ್ಣ ಕಾರುಗಳು ಈಗ ನಮ್ಮ ಊರುಗಳಲ್ಲೂ ಸಾಕಷ್ಟಿವೆ. ನನ್ನ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲೆಂದು ಈ ವಾರ ಅದರದೇ ಪಾಠ.

ಏನಿದು ಟರ್ಬೊ?

ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು ಹದಿನಾಲ್ಕೂವರೆ ಗ್ರಾಂ ಗಾಳಿ. ಹೆಚ್ಚು ಬಲ ಬೇಕೆಂದರೆ ಹೆಚ್ಚು ಪೆಟ್ರೋಲ್ ಸುಡಬೇಕು, ಅದಕ್ಕೆ ಹೆಚ್ಚು ಗಾಳಿ ಎಳೆದುಕೊಳ್ಳಬೇಕು. ಹಾಗಾಗಿ ಮೊದಲೆಲ್ಲ ಬಲ ಬೇಕಾದವರು ದೊಡ್ಡ ಸಿಲಿಂಡರಿನ ಎಂಜಿನ್ ಮಾಡುತ್ತಿದ್ದರು. ಸಣ್ಣ ಸಿಲಿಂಡರಿಗೇ ಗಾಳಿಯನ್ನು ಒತ್ತಿ ತುಂಬಿದರೆ? ಅದೇ ಟರ್ಬೊ. ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಗಾಳಿಯನ್ನು ಒತ್ತುವ ಶಕ್ತಿ ಎಲ್ಲಿಂದ ಬರಬೇಕು? ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಬಿಸಿ ಹೊಗೆಯ ರೂಪದಲ್ಲಿ ಸೈಲೆನ್ಸರಿನಿಂದ ಸುಮ್ಮನೆ ಹೊರಹೋಗುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳಿಗೆ ಟರ್ಬೈನ್ ಎಂದರೆ ಗೊತ್ತು. ಸುಮ್ಮನೆ ಧುಮುಕಿ ಹೋಗುತ್ತಿದ್ದ ಕಾವೇರಿಯ ನೀರಿನಿಂದ ಅಲ್ಲಿ ಚಕ್ರ ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಕಾರಿನ ಟರ್ಬೊ ಅದರ ಪುಟ್ಟ ತಮ್ಮ. ಇಲ್ಲಿ ನೀರಿನ ಬದಲು ಹೊಗೆ. ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕೊಡುತ್ತದೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲವೆ? ಇಲ್ಲೂ ಅಷ್ಟೆ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 100 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಆದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಅದನ್ನು ತಣಿಸಲು ರೇಡಿಯೇಟರಿನಂಥ ಇಂಟರ್‌ಕೂಲರ್ ಇಟ್ಟಿರುತ್ತಾರೆ.

ಎಂಜಿನ್ನಿನ ಜಾತಕ

ಒಂದು ಉದಾಹರಣೆ ನೋಡೋಣ. 2019ರಲ್ಲಿ ಬಂದ ಹ್ಯುಂಡೈ ವೆನ್ಯೂ ಕಾರಿಗೆ ಎರಡು ಬಗೆಯ ಪೆಟ್ರೋಲ್ ಎಂಜಿನ್ ಇದ್ದವು. ಒಂದು ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ 1197 ಸಿ.ಸಿ.ಯದು, 83 ಅಶ್ವಶಕ್ತಿ. ಇನ್ನೊಂದು ಟರ್ಬೊ ಇರುವ, ಮೂರೇ ಸಿಲಿಂಡರಿನ 998 ಸಿ.ಸಿ.ಯದು, 120 ಅಶ್ವಶಕ್ತಿ. ಗಾತ್ರದಲ್ಲಿ ಚಿಕ್ಕದಾದರೂ ಬಲದಲ್ಲಿ ದೊಡ್ಡದು.

ಅಶ್ವಶಕ್ತಿಗಿಂತ ಮುಖ್ಯವಾದದ್ದು ಟಾರ್ಕ್, ಅಂದರೆ ತಿರುಗಿಸುವ ಬಲ. ಉದ್ದ ಹಿಡಿಯ ಸ್ಪ್ಯಾನರಿನಿಂದ ಬಿಗಿಯಾದ ನಟ್ಟು ಸುಲಭವಾಗಿ ಬಿಚ್ಚಿಕೊಳ್ಳುವುದು ಇದರಿಂದಲೇ. ಮೊದಲ ಎಂಜಿನ್ನಿಗೆ ಸುಮಾರು 114 ನ್ಯೂಟನ್ ಮೀಟರ್. ಅದು ಪೂರ್ತಿ ಸಿಗಲು ಎಂಜಿನ್ ನಿಮಿಷಕ್ಕೆ 4000 ಸುತ್ತು ಸುತ್ತಬೇಕು. ಟರ್ಬೊದಲ್ಲಿ 172 ನ್ಯೂಟನ್ ಮೀಟರ್, ಅದೂ 1500 ಸುತ್ತಿಗೇ. ಟ್ರ್ಯಾಕ್ಟರನ್ನು ದಾಟುವಾಗ ಕಾರು ಥಟ್ಟನೆ ಮುನ್ನುಗ್ಗುವ ಗುಟ್ಟು ಇದು.

ಆದರೆ ಇದು ಕಡ ತಂದ ಉಸಿರು. ಬಡ್ಡಿಯನ್ನು ಎಣ್ಣೆಯ ರೂಪದಲ್ಲಿ ಕಟ್ಟಬೇಕು. ಸಣ್ಣ ಟರ್ಬೊದ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು! ಅದರ ಒಂದು ಬದಿಗೆ ತಗಲುವ ಹೊಗೆಯ ಬಿಸಿ 900 ಡಿಗ್ರಿ ಮುಟ್ಟುವುದುಂಟು. ಇಷ್ಟಾದರೂ ಆ ದಂಡ ಹೆಚ್ಚಿನ ಟರ್ಬೊಗಳಲ್ಲಿ ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಕೆಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ.

ಕಡಿಮೆ ಓಡಿದರೂ ಕೆಡುವುದೇಕೆ?

ನನ್ನ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ಹೋಗುವುದು, ನಿಲ್ಲಿಸುವುದು, ಬರುವುದು. ಕಾರಿಗೆ ಆಯಾಸವೇ ಇಲ್ಲವೆಂದು ತಿಳಿದಿದ್ದೆ. ತಪ್ಪು ಅಲ್ಲೇ ಇತ್ತು.

ಪೆಟ್ರೋಲ್ ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ನೀರೂ ಹುಟ್ಟುತ್ತದೆ. ಹತ್ತನೇ ತರಗತಿಯ ಮಕ್ಕಳು ಆಕ್ಟೇನಿನ ದಹನ ಸಮೀಕರಣ ಬರೆದು ಲೆಕ್ಕ ಹಾಕಿ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಆದರೆ ಒಂದಿಷ್ಟು ಆವಿಯೂ ಉರಿಯದ ಪೆಟ್ರೋಲೂ ಪಿಸ್ಟನ್ ಬಳೆಗಳ ಸಂದಿಯಿಂದ ಜಾರಿ ಕೆಳಗಿನ ಎಣ್ಣೆಗೆ ಸೇರುತ್ತವೆ. ದೂರ ಓಡಿದ ಕಾರಿನಲ್ಲಿ ಎಣ್ಣೆ ಚೆನ್ನಾಗಿ ಕಾದು ಅವೆರಡೂ ಆವಿಯಾಗಿಬಿಡುತ್ತವೆ. ಮೂರು ಕಿಲೋಮೀಟರಿನಲ್ಲಿ ಎಣ್ಣೆ ಬೆಚ್ಚಗಾಗುವುದೇ ಇಲ್ಲ. ವರ್ಷಗಟ್ಟಲೆ ಹೀಗಾದರೆ ಎಣ್ಣೆ ತನ್ನ ಗುಣ ಕಳೆದುಕೊಂಡು ಕೆಸರಾಗುತ್ತದೆ, ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಪೋಷಕರೇ, ಹಳೆಯ ಟರ್ಬೊ ಕಾರು ಕೊಳ್ಳುವಾಗ ‘ಮೇಷ್ಟ್ರು ಓಡಿಸಿದ್ದು, ಕಡಿಮೆ ಕಿಲೋಮೀಟರ್’ ಎಂಬ ಮಾತಿಗೆ ಮರುಳಾಗಬೇಡಿ. ವರ್ಷವರ್ಷವೂ ಎಣ್ಣೆ ಬದಲಾಯಿಸಿದ ಚೀಟಿ ತೋರಿಸಿ ಎಂದು ಕೇಳಿ.

ಇನ್ನಿತರ ಕಾಯಿಲೆಗಳು

ಸೀಟಿಯಂಥ ಸದ್ದು ಬಂದು ಕಾರು ಏಳದಿದ್ದರೆ ಎಲ್ಲ ಸಲವೂ ಟರ್ಬೊ ಕೆಟ್ಟಿದೆ ಎಂದಲ್ಲ. ಇಂಟರ್‌ಕೂಲರಿನ ರಬ್ಬರ್ ಕೊಳವೆ ಸೀಳಿರಬಹುದು, ಕ್ಲಿಪ್ಪು ಸಡಿಲಾಗಿರಬಹುದು. ಅದು ಸಣ್ಣ ಖರ್ಚು. ಮೊದಲು ಅದನ್ನು ನೋಡಿಸಿ. ಜೊತೆಗೆ ನೀಲಿ ಹೊಗೆಯೂ ಇದ್ದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಕೂಡಲೇ ಕಾರು ನಿಲ್ಲಿಸಿ.

ಎರಡನೆಯದು, ಮೇಲಿನ ಗೇರಿನಲ್ಲೇ ಇದ್ದು, ಎಂಜಿನ್ ನಿಧಾನವಾಗಿ ಸುತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ತುಳಿಯುವುದು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಾವೆಲ್ಲ ಮಾಡುವ ತಪ್ಪು. ಆಗ ಕಿಡಿ ಹೊತ್ತುವ ಮೊದಲೇ ಪೆಟ್ರೋಲ್ ತಾನಾಗಿ ಉರಿದು ಸುತ್ತಿಗೆಯಂಥ ಏಟು ಬೀಳಬಹುದು. ಪಿಸ್ಟನ್ ಒಡೆಯುವುದೂ ಉಂಟು. ಗೇರ್ ಇಳಿಸಿ ದಾಟಿ. ಈ ತೊಂದರೆಯನ್ನು ತಡೆಯಲೆಂದೇ 2020ರಿಂದ ‘ಎಪಿಐ ಎಸ್‌ಪಿ’ ಎಂಬ ದರ್ಜೆಯ ಎಣ್ಣೆ ಬಂದಿದೆ. ನಿಮ್ಮ ಕಾರಿನ ಪುಸ್ತಕ ಹೇಳಿದ ದರ್ಜೆಯನ್ನೇ ಹಾಕಿಸಿ.

ಮೂರನೆಯದು ನಿಲ್ಲಿಸುವ ಅವಸರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ ನೂರರ ವೇಗದಲ್ಲಿ ಬಂದು, ಮದ್ದೂರು ವಡೆಯ ಆಸೆಗೆ ಪಕ್ಕಕ್ಕಿಳಿದು, ಥಟ್ಟನೆ ಎಂಜಿನ್ ಆರಿಸಿದರೆ ಕಾದ ಟರ್ಬೊದೊಳಗೆ ಎಣ್ಣೆಯ ಹರಿವು ನಿಂತು, ಅಲ್ಲೇ ಸುಟ್ಟು ಕರಕಲಾಗುತ್ತದೆ. ಈಗಿನ ಹಲವು ಟರ್ಬೊಗಳಿಗೆ ನೀರಿನ ತಂಪೂ ಇರುವುದರಿಂದ ಅಪಾಯ ಕಡಿಮೆ. ಆದರೂ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದು, ಅರ್ಧ ನಿಮಿಷ ಎಂಜಿನ್ ಚಾಲೂ ಬಿಟ್ಟು ಆರಿಸಿ. ವಡೆ ಎಲ್ಲಿಗೂ ಓಡಿಹೋಗುವುದಿಲ್ಲ!

ಕಬ್ಬಿನ ನಂಟು

1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಂತು. ಒತ್ತಿದ ಬಿಸಿ ಗಾಳಿಯಿಂದ ಪೆಟ್ರೋಲ್ ಅಕಾಲದಲ್ಲಿ ಉರಿಯದಂತೆ ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಚಿಮ್ಮಿಸುತ್ತಿದ್ದರು. ಕಾರಿನವರು ಆ ದ್ರವ ತುಂಬಲು ಮರೆಯುತ್ತಿದ್ದರು. ಎರಡೇ ಮಾದರಿ ವರ್ಷಕ್ಕೆ ಆ ಕಾರು ಮುಗಿಯಿತು. ಮರೆವು ನನ್ನೊಬ್ಬನದಲ್ಲ!

ಈಗ ಅಂಥ ತಂಪು ಪೆಟ್ರೋಲಿನಲ್ಲೇ ಬರುತ್ತಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಕಾಕಂಬಿಯಿಂದ ಮದ್ಯಸಾರ ತೆಗೆಯುವುದು ನಮಗೆ ಹೊಸ ಮಾತಲ್ಲ. ಎಥನಾಲ್ ಎಂದರೆ ಅದೇ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ, ಸುಲಭಕ್ಕೆ ಅಕಾಲದಲ್ಲಿ ಹೊತ್ತಿಕೊಳ್ಳುವುದಿಲ್ಲ. ಟರ್ಬೊಗೆ ಇದು ಒಳ್ಳೆಯ ಗುಣ. ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರಿನ ರಬ್ಬರ್ ಭಾಗಗಳಿಗೂ ಎಥನಾಲ್ ಹಿಡಿಸದಿರಬಹುದು. ಕಾರಿನ ಪುಸ್ತಕದಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಬಳಿ ಇ-20 ಎಂದಿದೆಯೇ ನೋಡಿಕೊಳ್ಳಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಮನೆಗೆಲಸ. ಅಪ್ಪನೋ ಅಮ್ಮನೋ ಜೊತೆಗಿರಲಿ. ಸಮತಟ್ಟು ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಎಣ್ಣೆಯ ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಎಣ್ಣೆ ಇದೆಯೇ? ಪೆಟ್ರೋಲ್ ವಾಸನೆ ಇದೆಯೇ? ಕೊನೆಯ ಸಲ ಬದಲಾಯಿಸಿದ ತಾರೀಕು ಯಾವುದು? ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ನನ್ನ ಮನೆಯಲ್ಲಿ ಆ ಚೀಟಿಯನ್ನು ಅಂಟಿಸಿದವಳು ಮಗಳು. ಕೆಳಗೆ ಕೆಂಪು ಮಸಿಯಲ್ಲಿ ಹೀಗೆ ಬರೆದಿದ್ದಾಳೆ: ‘ಯಾವುದು ಮೊದಲೋ ಅದು.’