ಕೀಲಿನ ನೋವಿಗೆ ಹಲ್ಲಿನ ಬಲಿ

ಸ್ಟೇಟ್‌ಬ್ಯಾಂಕಿನಿಂದ ದೇರಳಕಟ್ಟೆಗೆ ಹೊರಟ ಬಸ್ಸಿನಲ್ಲಿ ಕೆನ್ನೆ ಹಿಡಿದು ಕೂತವರಿಗೆ ಪಕ್ಕದ ಸೀಟಿನಿಂದ ಬಿಟ್ಟಿ ಸಲಹೆ ಸಿಗುತ್ತದೆ: "ಹಲ್ಲು ತೆಗೆಸಿಬಿಡಿ ಮಾರಾಯ್ರೆ!" ತೆಗೆಸಿದ ಮೇಲೂ ನೋವು ಹೋಗದಿದ್ದರೆ? ಇನ್ನೊಂದು ಹಲ್ಲು!

ಬಾಯಿಯ ನೋವೆಲ್ಲ ಹಲ್ಲಿನದಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಅಲುಗುವುದೇ ದವಡೆಯ ಕೀಲು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ, ಚಿಂತೆಯಲ್ಲಿ ಹಲ್ಲು ಬಿಗಿಯುವವರಿಗೆ ಅಲ್ಲಿ ನೋವು ಬರುವುದುಂಟು. ನೋವಿಲ್ಲದ ಬರೀ 'ಟಕ್' ಶಬ್ದಕ್ಕೆ ಹೆದರಬೇಕಾಗಿಲ್ಲ. ನೋವಿದ್ದರೂ ಮೆತ್ತಗಿನ ಊಟ, ಬಿಸಿ ಶಾಖ, ದವಡೆಯ ವ್ಯಾಯಾಮದಲ್ಲೇ ಹೆಚ್ಚಿನವರಿಗೆ ಗುಣವಾಗುತ್ತದೆ.

ಹುಣ್ಣು ಕಾಣದೆ ನಾಲಗೆ ಉರಿಯುವುದು ಇನ್ನೊಂದು ತೊಂದರೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. "ಎಲ್ಲ ನಿಮ್ಮ ಭ್ರಮೆ" ಎಂದು ಗದರಿಸಿದರೆ ಆಗಲಿಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ ಉಂಟೋ ಎಂದು ಪರೀಕ್ಷಿಸಬೇಕು. ಏನೂ ಸಿಗದಿದ್ದರೆ ನರದ ದೋಷವಿರಬಹುದು.

ಆದರೆ ಅಡಿಕೆ ಜಗಿಯುವವರು ಎಚ್ಚರ! ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಯುವಷ್ಟೂ ಬಾಯಿ ತೆರೆಯದು ಎಂದಾದರೆ ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ರೋಗ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ನಿಜ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಈ ರೋಗಕ್ಕೆ ಸಾಕು.

ದೇರಳಕಟ್ಟೆಯ ಎ.ಬಿ. ಶೆಟ್ಟಿ ದಂತ ಕಾಲೇಜು 1985ರಿಂದ, ನಗರದ ಮಣಿಪಾಲ ದಂತ ಕಾಲೇಜು 1987ರಿಂದ ಇವೆ. ದಂತ ಕಾಲೇಜುಗಳಲ್ಲಿ ಇಂಥ ಕಾಯಿಲೆಗೆಂದೇ 'ಓರಲ್ ಮೆಡಿಸಿನ್' ವಿಭಾಗ ಇರುತ್ತದೆ. ಗೊತ್ತಿರುವವರು ಎಷ್ಟು ಮಂದಿ? ಆರೋಗ್ಯ ಇಲಾಖೆ ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಕಿತ್ತ ಹಲ್ಲು ಮಾತ್ರ ಮರಳಿ ಬರುವುದಿಲ್ಲ.